ನಕ್ಷೆಯ ಮುಖಪುಟಕ್ಕೆ ಒಂದು ಚಿತ್ರ

ನೆಬ್ರಾಸ್ಕಾ ರಾಜ್ಯದ ಹೆದ್ದಾರಿ ನಕ್ಷೆಗೆ
ಹೊಸ ಮುಖಪುಟ ಬೇಕಂತೆ. ಚಿತ್ರ ಒಂದೇ.
ಮಾರ್ಚಿಯ ಮಂಗಳವಾರ, ಲೈಬ್ರರಿಯ ಹಿಂದಿನ ಕೋಣೆ,
ಐವರು ಸದಸ್ಯರು, ಒಂದು ತಟ್ಟೆ ಗಸಗಸೆ ಹೂರಣದ ಕೊಲಾಚಿ,
ನಡಾವಳಿ ಬರೆಯಲು ನಾನು. ನನಗೆ ಓಟಿಲ್ಲ.

ಮೊದಲು ಎದ್ದವರು ಆರ್ಲಿಸ್ ಟ್ರೌಟ್‌ವೈನ್.
'ಚಿಮ್ನಿ ರಾಕ್' ಅಂದರು, ಚರ್ಚೆಯೇ ಮುಗಿದ ಹಾಗೆ.
ಬಂಡಿ ಕಟ್ಟಿ ಪಡುವಣಕ್ಕೆ ಹೊರಟವರೆಲ್ಲ
ದಿನಗಟ್ಟಲೆ ಅದನ್ನೇ ನೋಡುತ್ತ ನಡೆದರಂತೆ,
ಬಯಲಲ್ಲಿ ಬೆರಳೆತ್ತಿ ನಿಂತ ಕಲ್ಲು.
'ನಡೆದರು, ನಿಲ್ಲಲಿಲ್ಲವಲ್ಲ' ಅಂದಳು ಲೊರೇನಾ ಇಬಾರ್ರಾ.
'ಬಿಟ್ಟುಹೋದವರ ಗುರುತು ನಮ್ಮ ಗುರುತು ಹೇಗಾದೀತು?
ಅಲ್ಲದೆ ಅದು ವರ್ಷ ವರ್ಷ ಸವೆಯುತ್ತಿದೆ.'
'ನಾನೂ ಸವೆಯುತ್ತಿದ್ದೇನೆ' ಅಂದರು ಆರ್ಲಿಸ್.
ಅದನ್ನು ನಾನು ಬರೆದುಕೊಳ್ಳಲಿಲ್ಲ.

ಲೊರೇನಾಳದು ಕ್ರೌಂಚಗಳ ಪಕ್ಷ.
ಪ್ಲ್ಯಾಟ್ ನದಿಯ ಮರಳದಿಣ್ಣೆಗೆ ಸಂಜೆ ಇಳಿಯುವ
ಲಕ್ಷಗಟ್ಟಲೆ ಬೂದು ಹಕ್ಕಿ.
ಮಾಂಸದ ಕಾರ್ಖಾನೆಯ ರಾತ್ರಿಪಾಳಿಗೆ ಹೊರಟ ಅಪ್ಪ
ಸೇತುವೆ ಹತ್ತಿರ ವ್ಯಾನು ನಿಲ್ಲಿಸಿ, ಎಂಜಿನ್ ಆರಿಸಿ,
'ಕೇಳು' ಅನ್ನುತ್ತಿದ್ದನಂತೆ.
ಅಷ್ಟೇ. ಬೇರೆ ಏನೂ ಹೇಳುತ್ತಿರಲಿಲ್ಲವಂತೆ.
'ಅವೂ ನಿಲ್ಲುವುದಿಲ್ಲವಲ್ಲ' – ಆರ್ಲಿಸ್ ಇದಕ್ಕೇ ಕಾದಿದ್ದರು –
'ಕೆಲವು ವಾರ, ಆಮೇಲೆ ಕೆನಡಾ.'

ಫಿಲಿಸ್ ಒಸ್ಟರ್‌ಗಾರ್ಡ್‌ಗೆ ರಾಜಧಾನಿಯ ಗೋಪುರವೇ ಬೇಕು,
ತುದಿಯಲ್ಲಿ ಬೀಜ ಬಿತ್ತುವ ಕಂಚಿನಾಳು.
'ಅಷ್ಟೆತ್ತರದಿಂದ ಬಿತ್ತಿದರೆ
ಬೆಳೆ ಬರುವುದು ಅಯೋವಾದಲ್ಲಿ' ಅಂದ ಡೆಲ್ಬರ್ಟ್ ಕುಸೆರಾ.
ಅವನ ಆಯ್ಕೆ, ಹಳೇ ಕಾರುಗಳನ್ನು ಮೂತಿ ಕೆಳಗಾಗಿ ನೆಟ್ಟು
ಬೂದು ಬಣ್ಣ ಬಳಿದ ಆ ವೃತ್ತ.
'ಗುಜರಿ!'
'ಗುಜರಿಯೇ. ಆದರೆ ನೋಡಿದವರಿಗೆ ನಗು ಬರುತ್ತೆ.
ನಗು ಬರಿಸುವಂಥದ್ದು ನಮ್ಮಲ್ಲಿ ಇನ್ನೇನಿದೆ, ಹೇಳಿ.'
ಯಾರೂ ಹೇಳಲಿಲ್ಲ.

ಎತ್ತು ಏರಿಗೆಳೆದರೆ ಕೋಣ ನೀರಿಗೆ.
ಅಧ್ಯಕ್ಷ ವೇಯ್ನ್ ಪೊಸ್ಪಿಷಿಲ್
'ಎಲ್ಲರದೂ ಸರಿಯೇ' ಅನ್ನುತ್ತ ನಾಲ್ಕನೇ ಕೊಲಾಚಿ ಎತ್ತಿಕೊಂಡ.

ಆಗ ಬಾಗಿಲು ತಳ್ಳಿಕೊಂಡು ಬಂದಳು ಒಬ್ಬಳು,
ಗಾಳಿಗೆ ಕೂದಲೆಲ್ಲ ಬಾಯೊಳಗೆ.
ಹೊರಗೆ ಒಹಾಯೋ ನಂಬರಿನ ಕಾರು, ಹಿಂದಿನ ಸೀಟಲ್ಲಿ ಮಗು.
'ಫೋನು ಸತ್ತಿದೆ. ವ್ಯಾಲೆಂಟೈನ್‌ಗೆ ದಾರಿ?'

ಐವರೂ ಎದ್ದರು. ಕೋಟು ಕೂಡ ಹಾಕದೆ
ಪಾರ್ಕಿಂಗ್ ಜಾಗಕ್ಕೆ ನಡೆದರು. ಪೆನ್ನು ಹಿಡಿದು ನಾನೂ.
'ಸುಟ್ಟುಹೋದ ಡೈರಿ ಇತ್ತಲ್ಲ, ಅಲ್ಲಿ ಎಡಕ್ಕೆ.'
'ಸುಟ್ಟುಹೋಗಿದ್ದು ಅವಳಿಗೆ ಹೇಗಯ್ಯಾ ಕಾಣುತ್ತೆ?'
'ಧಾನ್ಯದ ಗೋದಾಮು ಕಂಡರೆ ತಪ್ಪಿದೆ ಅಂತ ಲೆಕ್ಕ.'
'ತಪ್ಪಿಲ್ಲ, ಅದೂ ಸೇರುತ್ತೆ, ಮಾರ್ಜ್‌ಳ ಮನೆ ಮುಂದೆ.'
'ಮಾರ್ಜ್ ಯಾರು?' ಅಂದಳು ಅವಳು.
ಎಲ್ಲರೂ ಒಂದು ಕ್ಷಣ ತಬ್ಬಿಬ್ಬಾದರು,
ಮಾರ್ಜ್ ಯಾರೆಂದು ಯಾರೂ ಕೇಳಿದ್ದೇ ಇಲ್ಲ.

ಕೊನೆಗೆ ಡೆಲ್ಬರ್ಟ್: 'ಥೆಡ್‌ಫರ್ಡ್‌ನಲ್ಲಿ ಪೆಟ್ರೋಲು ತುಂಬಿಸಿಕೋ.
ಆಮೇಲೆ ಅರವತ್ತು ಮೈಲಿ ಹುಲ್ಲಿನ ದಿಬ್ಬ.'
'ಅಲ್ಲಿ ಏನಿದೆ?'
'ಏನೂ ಇಲ್ಲ.'
ಐವರೂ ಒಟ್ಟಿಗೆ ಅಂದರು, ಒಂದೇ ಉಸಿರಲ್ಲಿ,
ಮನೆಯ ಚಿನ್ನದ ತೂಕ ಹೇಳುವವರ ದನಿಯಲ್ಲಿ.
ಫಿಲಿಸ್ ಅಂತೂ ಮತ್ತೊಮ್ಮೆ ಅಂದಳು, ಮೆಲ್ಲಗೆ: 'ಏನೂ ಇಲ್ಲ.'

ಆರ್ಲಿಸ್ ತೋಳಿನಿಂದ ಕಾರಿನ ಮುಂಗಾಜು ಒರೆಸಿದರು.
ಲೊರೇನಾ ಮಗುವಿನ ಕೈಗೆ ಕೊಲಾಚಿ ಇಟ್ಟಳು.
ಕಾರು ಹೊರಟಿತು.
ಈ ನೆಲದಲ್ಲಿ ಕಾರೊಂದು ಕಣ್ಮರೆಯಾಗಲು ಬಹಳ ಹೊತ್ತು ಬೇಕು.
ಅಷ್ಟು ಹೊತ್ತೂ ನಿಂತೆವು, ನಡುಗುತ್ತ,
ಸರಿಯಾದ ಕಡೆಗೇ ತಿರುಗುತ್ತಾಳೋ ನೋಡೋಣವೆಂದು.

ತಿರುಗಲಿಲ್ಲ. ಗೋದಾಮಿನ ಕಡೆಗೇ ಹೋದಳು.
'ಅದೂ ಸೇರುತ್ತೆ' ಅಂದ ವೇಯ್ನ್.

ಒಳಗೆ ಬಂದು ನಾನು ಬರೆದದ್ದು:
ಮುಖಪುಟದ ಬಗ್ಗೆ ತೀರ್ಮಾನವಿಲ್ಲ. ಸಭೆ ಮುಂದಕ್ಕೆ.
ಒಮ್ಮತ ಒಂದು ಬಂದಿತ್ತು,
ಅದು ವಿಷಯಪಟ್ಟಿಯಲ್ಲಿರಲಿಲ್ಲ.