ಕಲ್ಲಚ್ಚು

ಒಡೆದದ್ದು ಮಕ್ತುಮಸಾಬನ ಕೈಯಿಂದ.
ನಲವತ್ತು ವರ್ಷ ಒಂದು ಅಚ್ಚುಮೊಳೆಯನ್ನೂ ಬೀಳಿಸದ ಕೈ
ಮುಳಗುಂದ ನಾಕಾದ ಗೋದಾಮು ಖಾಲಿ ಮಾಡುವ ದಿನ
ಕಡೇ ಮೆಟ್ಟಿಲಲ್ಲಿ ಸಡಿಲಾಯಿತು.

ಅಜ್ಜ ಮುಂಬಯಿ ಬಂದರದಿಂದ ಗದಗಿಗೆ ತರಿಸಿದ ಜರ್ಮನಿಯ ಕಲ್ಲು.
ಕೆನೆಬಣ್ಣ. ಸವರಿದರೆ ಎಳೆಗೂಸಿನ ಹಿಮ್ಮಡಿ.
ಅದರ ಬೆನ್ನ ಮೇಲೆ ಬೀಡಿಕಟ್ಟಿನ ಲೇಬಲ್ಲು,
ಅರಳೆ ಗಿರಣಿಯ ಆನೆ ಮಾರ್ಕು,
ನಾಟಕ ಕಂಪನಿಯ ಹಸ್ತಪತ್ರಿಕೆ,
ಎಲ್ಲ ಉಲ್ಟಾ ಬರೆಸಿಕೊಂಡು ಸರಿಯಾಗಿ ಅಚ್ಚಾಗಿ
ಊರೂರಿಗೆ ಹೋದವು.
ಒಂದೊಂದು ಕೆಲಸ ಮುಗಿದಾಗಲೂ ಉಸುಕು ಹಾಕಿ ನೀರು ಹನಿಸಿ
ತಿಕ್ಕಿ ತಿಕ್ಕಿ ಅಳಿಸಿದವ ಮಕ್ತುಮಸಾಬ.
ತಿಕ್ಕಿದಷ್ಟೂ ಕಲ್ಲು ಕೂದಲೆಳೆ ತೆಳ್ಳಗೆ.
ಅಂದರೆ ಅಷ್ಟಷ್ಟೇ ಹತ್ತಿರ ಹೋಗುತ್ತಿದ್ದ,
ಗೊತ್ತಿಲ್ಲದೆ.

ಉಬ್ಬಿದ ರೊಟ್ಟಿಯ ಪದರು ಬಿಟ್ಟಂತೆ
ಕಲ್ಲು ಎರಡಾಗಿ ತೆರೆದು ಬಿತ್ತು.
"ನಾಲ ಐತ್ರಿ ಅಕ್ಕಾರ, ಕುದರೀ ನಾಲ!"
ಅವನ ಅಡ್ಡಹೆಸರು ನಾಲಬಂದ.
ಟಾಂಗಾ ಕುದುರೆಗಳ ಗೊರಸಿಗೆ ಲಾಳ ಬಡಿದವರ ಮೊಮ್ಮಗ
ಕಂಡದ್ದು ಅದನ್ನೇ.
ಆದರೆ ಈ ನಾಲಕ್ಕೆ ಬಾಲವಿತ್ತು,
ದಬ್ಬಣದಂಥದು, ತುದಿ ಕೂಡ ಮುರಿದಿರಲಿಲ್ಲ.

ಹುಬ್ಬಳ್ಳಿಯಿಂದ ಹಲ್ಲಿನ ಡಾಕ್ಟರು ಅರಳಿಕಟ್ಟಿ ಬಂದರು,
ಗಾಜಿನ ಕಪಾಟಿನಲ್ಲಿ ಕಲ್ಲಾದ ಮೀನು, ಕಲ್ಲಾದ ಎಲೆ ಕೂಡಿಟ್ಟವರು.
ಬಾಯಿ ತೆಗಿ ಅಂದ ಹಾಗೆ ಟಾರ್ಚು ಹಿಡಿದರು.
"ಕುದುರೆಲಾಳದ ಏಡಿ. ಹೆಸರಷ್ಟ ಏಡಿ, ನೆಂಟಸ್ತನ ಚೇಳಿನ ಕಡೆ.
ಹದಿನೈದು ಕೋಟಿ ವರ್ಷ ಆತು."
ಅಷ್ಟು ಹಳೆಯದರಲ್ಲಿ ಒಂದೂ ಹುಳುಕಿಲ್ಲ ಅಂದರೆ
ಅವರಿಗೆ ನಂಬಿಕೆ ಬರಲೊಲ್ಲದು.
ಉಗುರಿನಿಂದ ಕೆರೆದರು. ಉಗುಳು ಹಚ್ಚಿ ಒರೆಸಿದರು.
ಆಮೇಲೆ ದರ ಹೇಳಿದರು.
ನಾನು ಎರಡು ಸಲ ಹೇಳಿಸಿಕೊಂಡೆ.
"ನನ್ನ ಕಪಾಟಿನ ಹಲಿಗಿ ಗೇಣಗಲ.
ಈ ಗೀರು ಬ್ಯಾಡ. ಕೊರಸಿ ಏಡಿ ಅಷ್ಟ ಕೊಡ್ರಿ."

ಗೀರು ಅಂದರೆ,
ಏಡಿಯ ಹಿಂದೆ ಕಲ್ಲಿನ ಉದ್ದಕ್ಕೂ ಸಾಲು ಚುಕ್ಕಿ,
ನಡುವೆ ಬಾಲ ಎಳೆದ ಒಂದು ಎಳೆ,
ರಂಗೋಲಿಗೆ ಕೂತವಳು ಹಾಲು ಉಕ್ಕಿತೆಂದು
ಎದ್ದು ಹೋದಂತೆ.

ಮಕ್ತುಮಸಾಬ ಕುಕ್ಕರಗಾಲಲ್ಲಿ ಕೂತ.
ಉಲ್ಟಾ ಅಕ್ಷರಕ್ಕೆ ಪಳಗಿದ ಕಣ್ಣು
ಏಡಿಯಿಂದಲೇ ಓದತೊಡಗಿತು, ಬಲದಿಂದ ಎಡಕ್ಕೆ:
"ಇಲ್ಲೆ ಮುಗದೈತಿ.
ಅದಕ್ಕಿಂತ ಮೊದ್ಲ ದಮ್ಮು ಹತ್ತೈತಿ, ಹೆಜ್ಜಿ ಸಣ್ಣಾಗ್ಯಾವ.
ಅದಕ್ಕಿಂತ ಮೊದ್ಲ ಏನೋ ನೆನಪಾಗಿ ಒಂದು ಸುತ್ತು ತಿರಿಗೈತಿ.
ಅದಕ್ಕಿಂತ ಮೊದ್ಲ ಬೆನ್ನ ಮ್ಯಾಲೆ ಬಿದ್ದು, ಬಾಲ ಊರಿ ಎದ್ದೈತಿ, ಶಾಬಾಸ್.
ಅದಕ್ಕಿಂತ ಮೊದ್ಲ..."
ಕಲ್ಲು ಮುಗಿದಿತ್ತು.
ಬೆರಳು ಗಾಳಿಯಲ್ಲಿತ್ತು.

ಕೊರೆಸುವ ಹಿಂದಿನ ರಾತ್ರಿ
ಅವನೇ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೆಲ್ಲಗೆ ತಟ್ಟಿದ.
ತೆಳು ಕಾಗದ ಹಾಸಿ ಅಂಗೈಯಿಂದ ಒತ್ತಿದೆ.
ಆ ಕಲ್ಲಿನ ಮೇಲೆ ನಾವು ಬರೆಯದ ಒಂದೇ ಅಚ್ಚು.
ಬಲದಲ್ಲಿದ್ದ ಏಡಿ ಕಾಗದದಲ್ಲಿ ಎಡಕ್ಕೆ ಬಂತು.
ಎಡದಿಂದ ಓದುವ ಮಂದಿ ನಾವು:
ಮೊದಲು ಏಡಿ, ಆಮೇಲೆ ಹೆಜ್ಜೆ.
ಸತ್ತಲ್ಲಿಂದ ಎದ್ದು ಹೊರಟ ಹಾಗೆ.

ಮಾರಿದೆ. ಯಾಕೆ ಸುಳ್ಳು?
ಆಫ್‌ಸೆಟ್ ಮಷೀನಿನ ಮೂರು ಕಂತು ತೀರಿದವು.
ಗ್ರಾನೈಟ್ ಅಂಗಡಿಯ ಚಕ್ರ
ಹದಿನೈದು ಕೋಟಿ ವರ್ಷವನ್ನು ಚಹಾ ಆರುವುದರೊಳಗೆ ಕೊಯ್ದಿತು.
ಉಳಿದ ತುಂಡು ಈಗ ನನ್ನ ಕೌಂಟರಿನ ಮೇಲಿದೆ,
ಫ್ಯಾನಿನ ಗಾಳಿಗೆ ಲಗ್ನಪತ್ರಿಕೆಯ ಸ್ಯಾಂಪಲ್ಲು ಹಾರದಂತೆ.

ಮೊನ್ನೆ ಬೆಟಗೇರಿಯಿಂದ ಬಂದ ಹೆಣ್ಣಿನ ಕಡೆಯವರು
ನವಿಲು ಬ್ಯಾಡ, ಬಳ್ಳಿ ಬ್ಯಾಡ ಅಂದು
ಆ ಕಲ್ಲಿನ ಮೇಲೆ ಬೆರಳಿಟ್ಟರು.
"ಈ ಬಾರ್ಡರ್ ಚಲೋ ಐತಲ್ರಿ. ಇದನ್ನ ಹಾಕ್ರಿ."

ಮುನ್ನೂರು ಪ್ರತಿ, ಅರಿಷಿಣ ಬಣ್ಣದ ಕಾಗದ.
ಮಕ್ತುಮಸಾಬ ಕನ್ನಡಕ ಏರಿಸಿ ಪ್ರೂಫು ನೋಡಿದ,
ಎಂದಿನಂತೆ ಬಲದ ಮೂಲೆಯಿಂದ.
ಬಹಳ ಹೊತ್ತು ನೋಡಿದ.
"ತಪ್ಪಿಲ್ರಿ," ಅಂದ.