ಮೂರು ಗುಲಗಂಜಿ

ದಾವಲಸಾಬ ಮೀನ ತಂದಿದ್ದ. ಕಟಿಗಿದು.
ಮಿರಜದಾಗ ಕೊಂಡದ್ದಂತ, ನಾಕನೂರಾ ಐವತ್ತು,
ಡಬ್ಬಿಯೊಳಗ ಹತ್ತಿ ಹಾಸಿಕೊಂಡು ಮಲಗಿತ್ತು.
"ವೈನಿ, ಇದು ಈಜಂಗಿಲ್ಲ.
ದಾರ ಜಗ್ಗಿದ್ರ ಮಗ್ಗಲಾಗಿ ಬೀಳತೈತಿ, ಹೆಣದಂಗ.
ಧೂಪದಾಳದ ಬಾಳಿಮೀನ ಬಾಜೂಕ ಹಾದು ಹೋಗತಾವು,
ತಿರುಗಿ ಸುದ್ದಾ ನೋಡಂಗಿಲ್ಲ."

ನಮ್ಮದು ಗೋಕಾಂವಿ. ಗೊಂಬಿ ಮಾಡೋ ಮನಿ.
ಬದನಿಕಾಯಿ, ಪೇರಲ, ಹೆಚ್ಚಿದ ಕಲ್ಲಂಗಡಿ ಹೋಳು.
ನಮ್ಮ ಮಾವ ಬರದ ಮಾವಿನಹಣ್ಣಿನ ಮ್ಯಾಲ
ಒಮ್ಮೆ ನೊಣ ಬಂದು ಕುಂತಿತ್ತು;
ಅದನ್ನ ಹೇಳಕೋತನ ಆತ ಮೂವತ್ತು ವರ್ಷ ಬದುಕಿದ.
ಆದ್ರ ನಾವು ಮಾಡಿದ್ದೆಲ್ಲಾ ಕಪಾಟಿನಾಗ ಕುಂಡ್ರೂವಂಥದ್ದು.
ಹೊರಳೂದು, ಹೊಯ್ದಾಡೂದು
ನಮ್ಮ ಕಸಬಿನಾಗ ಇಲ್ಲ.

ಉಸುಕಿನ ಕಾಗದ ಹಚ್ಚಿ ಬಣ್ಣ ತಗದೆ.
ಮೂಗು ಹೆರದೆ. ಹೊಟ್ಟಿಗಿ ಬೈರಿಗಿ ಹಾಕಿದೆ.
ಹಳೇ ಬಲಿಯ ಸೀಸದ ಗುಂಡು
ಚಾದ ಚಮಚಾದಾಗ ಕರಗಿಸಿ ಸುರದೆ,
ಹಿತ್ತಲ ಟಾಕಿಯೊಳಗ ಬಿಟ್ಟೆ.
ಸೀದಾ ತಳಕ್ಕ.
ಅರ್ಧ ಕೆತ್ತಿ ತಗದೆ. ಬುಗುರಿಯಂಗ ತಿರಗಿತು.
ದಾರದ ಕೊಂಡಿ ಮೂಗಿನ ತುದಿಯಿಂದ ಕಿತ್ತು
ಗದ್ದಕ್ಕ ಹಾಕಿದೆ. ಡಬ್ಬಿ ತಗಡು ಕತ್ತರಿಸಿ
ಹೆಬ್ಬಟ್ಟಿನ ಉಗರಿನಷ್ಟು ತುಟಿ ಮಾಡಿ ಸಿಗಿಸಿದೆ.
ಪತ್ತಾರ ಈರಪ್ಪನ ತಕ್ಕಡಿ ಇಸಕೊಂಡು ಬಂದು
ಸೀಸ ತೂಗಿದೆ: ಐದು ಗುಲಗಂಜಿ, ನಾಕು,
ಮೂರು.

ಮೂರಕ್ಕ ಅದು ನಡೀತು.
ತಲಿ ಒಂದ ಕಡೆ, ಬಾಲ ಒಂದ ಕಡೆ,
ಸಂತಿ ಮುಗಿಸಿ ಕುಡದು ಬರೋ ನಮ್ಮ ಓಣಿಯ ರಾಮೋಜಿಯಂಗ.
ತಪ್ಪಾತೇನೋ ಅಂತ ನಾ ಅಂದ್ರ
ದಾವಲಸಾಬ ಟಾಕಿ ಕಟ್ಟಿಗಿ ಗದ್ದಾ ಊರಿ ನೋಡಿದ:
"ಇಷ್ಟ ಬೇಕಾಗಿತ್ತು. ನೆಟ್ಟಗ ಹೋಗೂದರ ಹಿಂದ
ಬಾಳಿಮೀನ ಬೀಳಂಗಿಲ್ಲ ವೈನಿ.
ಏನೋ ಆಗೈತಿ ಇದಕ್ಕ ಅನ್ನಿಸಬೇಕು."

ಆಮ್ಯಾಲ ನನ್ನ ಕೆಲಸ.
ಹುಣಸಿ ಬೀಜದ ಸರಿ ಹಚ್ಚಿ ತೂತು ಮುಚ್ಚಿದೆ.
ಸೊಳ್ಳಿ ಪರದೆ ಮ್ಯಾಲ ಹಾಸಿ, ಬೆಳ್ಳಿ ಬಣ್ಣ ಒತ್ತಿ,
ಸಾವಿರ ಹುರುಪಿ ಎಬ್ಬಿಸಿದೆ.
ಕಣ್ಣು ಮಾತ್ರ ಮೂರು ದಿನ ಬರದೆ,
ಅಳಿಲಿನ ಕೂದಲಿನ ಕುಂಚದಾಗ, ಉಸರ ಹಿಡಕೊಂಡು,
ಕರಿ ಗುಡ್ಡಿಯೊಳಗ ಒಂದು ಸಾಸಿವಿಯಷ್ಟು ಬೆಳಕು.
ಎರಡು ಸಲ ವಾರ್ನಿಶ್.
ಕೊಡಾಕ ಮನಸ್ಸಿರಲಿಲ್ಲ ಖರೇ ಹೇಳಬೇಕಂದ್ರ.

ಎಂಟು ದಿನಕ್ಕ ಬಂದ, ನಗಕೋತ.
ಹನ್ನೊಂದು ಕಿಲೋದ್ದು ಸಿಕ್ಕಿತ್ತಂತ,
ಧೂಪದಾಳದ ಮಂದಿ ಫೋಟೋ ತಗಸಿಕೊಂಡರಂತ.
ನಾ ಕೇಳಿದೆ: ಮೀನ ಎಲ್ಲಿ?
ಅಂವ ಕಿಸೆಯಿಂದ ನನ್ನದನ್ನ ತಗದ ಕೊಟ್ಟ.

ಕಿಡಕಿ ಹಂತೇಲಿ ಹಿಡದು ನೋಡಿದೆ.
ಸಣ್ಣ ಹಲ್ಲಿನ ಗೀರು, ಒತ್ತೊತ್ತಾಗಿ,
ಹೊಟ್ಟಿ ಮ್ಯಾಲ, ಸೀಸ ಇದ್ದ ಕಡೆ,
ನಾ ಅವಸರದಾಗ ಬರೇ ಬಿಳಿ ಬಳದು ಬಿಟ್ಟಲ್ಲಿ.
ಹುರುಪಿ ಹಂಗ ಅವ.
ಕಣ್ಣು? ಕಣ್ಣಿಗಿ ಒಂದು ಗೀರಿಲ್ಲ.
ಮೂರು ದಿನದ ಬೆಳಕು ಇನ್ನೂ ಮಿಣಮಿಣ ಅನ್ನಾಕತ್ತಿತ್ತು,
ಯಾರೂ ನೋಡದಂಗ.

ಮಾವಂಗ ನೊಣ ಕೊಟ್ಟ ಸರ್ಟಿಫಿಕೇಟು ನೆನಪಾತು.
ನನಗ ಸಿಕ್ಕದ್ದು ಇದು.
ನಗು ಬಂತು. ಸ್ವಲ್ಪ ಸಿಟ್ಟೂ ಬಂತು.

"ಇಂಥಾವ ಇನ್ನೂ ಆರು ಬೇಕು ವೈನಿ, ಹಿಂಗ ಓಲಾಡೂವಂಥಾವು."
ಹೂಂ ಅಂದೆ.
ಹಾಲವಾಣದ ತುಂಡು ಕೊರದು ಇಟ್ಟೇನಿ,
ಸೀಸ ತೂಗೇನಿ, ಎಲ್ಲಾ ಮೂರು ಗುಲಗಂಜಿ.
ಒಂದು ಮುಳಗತೈತಿ. ಒಂದು ಶಿಸ್ತಿಲೆ
ಸಾಲಿಗಿ ಹೋಗೋ ಹುಡುಗರಂಗ ನೆಟ್ಟಗ ಹೊಂಟೈತಿ.
ತಕ್ಕಡಿ ಇನ್ನೂ ಈರಪ್ಪಗ ತಿರುಗಿ ಕೊಟ್ಟಿಲ್ಲ.
ಟಾಕಿ ನೀರು ಇವತ್ತ ಎರಡನೇ ಸಲ ಬದಲಿಸಿದೆ.
ಕಣ್ಣು, ಈ ಸಲಾನೂ,
ಬರದ ಬರೀತೇನಿ.