ಎಂಟನೇ ಕಲಂ

ನಮೂನೆಯಲ್ಲಿ ಏಳು ಕಲಂ, ಹಾಳೆಯ ಅಂಚಿನ ತನಕ:
ಬೆಳೆ, ಎಕರೆ, ಇಳುವರಿ, ಗೊಬ್ಬರದ ಚೀಲ,
ಬೆಂಬಲ ಬೆಲೆ, ಫಲಾನುಭವಿ, ಷರಾ.
ಸಿಂಧನೂರಿನ ಮಣ್ಣು ಪರೀಕ್ಷೆಯ ಕೋಣೆ.
ಫ್ಯಾನು ತಿರುಗಿದಷ್ಟೂ ಬಿಸಿಗಾಳಿ.
ಮೇಜಿನ ಮೇಲೆ ನಲವತ್ತು ಬಟ್ಟೆ ಚೀಲ,
ಒಂದೊಂದರ ಕೊರಳಿಗೂ ಸರ್ವೆ ನಂಬರು.
ಸೋಮವಾರದೊಳಗೆ ಯೋಜನೆ ಬೇಕಂತೆ:
ಅನ್ನವೂ ಉಳಿಯಬೇಕು, ಮಣ್ಣೂ ಉಳಿಯಬೇಕು,
ಎರಡು ಪುಟ ಮೀರಬಾರದು.

ಹದಿನೇಳನೇ ಚೀಲ ಬಿಚ್ಚಿದೆ.
ಹೆಂಟೆಯ ಮೇಲೆ ಬಿಳಿ ಪೊರೆ, ಒಣಗಿದ ಸಂಡಿಗೆಯಂತೆ.
ಮೀಟರು ಹೇಳುವ ಮೊದಲೇ ಒಂದು ಕಾಳು
ನಾಲಿಗೆಗೆ ಮುಟ್ಟಿಸಿಕೊಂಡೆ.
ಹಾಗೆ ಮಾಡಬಾರದೆಂದು ತರಬೇತಿಯಲ್ಲಿ ಹೇಳಿದ್ದರು.
ಸವಳು.
ನೀರಿಲ್ಲದೆ ಸತ್ತ ಹೊಲವಲ್ಲ ಇದು,
ಕುಡಿದು ಕುಡಿದು ಹೊಟ್ಟೆ ಉಬ್ಬಿದ್ದು.
ಕಾಲುವೆಯ ನಕ್ಷೆ ಬರೆದವರು
ಇಲ್ಲಿ ಜೋಳ, ಇಲ್ಲಿ ಹತ್ತಿ, ಅಲ್ಲಿ ಶೇಂಗಾ ಎಂದು
ಪೆನ್ಸಿಲಿನಲ್ಲಿ ಗುರುತು ಹಾಕಿದ್ದರಂತೆ.
ನೀರಿಗೆ ಓದು ಬರಲಿಲ್ಲ.

ಶುಕ್ರವಾರದ ಸಭೆಯಲ್ಲಿ ಮೊದಲು ಎದ್ದವನು
ಕ್ಯಾಂಪಿನ ವೀರರಾಘವಯ್ಯ:
"ಬೇಡ ಅಂದ್ರೆ ಬಿಡ್ತೀವಿ ಮೇಡಂ.
ಹಾಸ್ಟೆಲ್ ಹುಡುಗರ ತಟ್ಟೆಯಲ್ಲಿ ಅನ್ನ ಇದೆಯಲ್ಲ,
ಅದು ನನ್ನ ಗದ್ದೇದು.
ನಮ್ಮ ತಾತ ಬಂಡಿ ಕಟ್ಟಿಕೊಂಡು ಬಂದಾಗ
ಇಲ್ಲಿ ಜಾಲಿ ಬಿಟ್ರೆ ಏನಿತ್ತು?
ಯೂರಿಯಾ ಅಗ್ಗ ಮಾಡಿದೋರು ನೀವು,
ಭತ್ತಕ್ಕೆ ಬೆಲೆ ಕಟ್ಟಿದೋರು ನೀವು,
ಈಗ ಮಣ್ಣು ಕೆಡ್ತು ಅಂತ ಅಳೋರೂ ನೀವೇ."
ಸುಳ್ಳಲ್ಲ. ಬರೆದುಕೊಂಡೆ.

ಆಮೇಲೆ ನನ್ನ ಕರಡು ಓದಿದೆ.
ಬೇಸಿಗೆಯ ಭತ್ತ ಬಿಟ್ಟು ಜೋಳ ಬಿತ್ತಿದರೆ
ಎಕರೆಗೆ ಇಷ್ಟು, ಸಾವಯವ ಗೊಬ್ಬರಕ್ಕೆ ಇಷ್ಟು,
ಬಸಿಗಾಲುವೆ ತೋಡಿಸಿದರೆ ಅರ್ಧ ಖರ್ಚು ನಮ್ಮದು.
ರಾತ್ರಿ ಎರಡಕ್ಕೆ ಹೊಳೆದ ಸಾಲುಗಳು.
ಸ್ವಲ್ಪ ಜಂಬವೂ ಇತ್ತು.

ಬಾಗಿಲ ಬಳಿಯಿಂದ ಅಂಬ್ರಮ್ಮ ಕೇಳಿದಳು,
ಕೊನೆಯ ತೂಬಿನಾಚೆಯ ಹೊಲದವಳು:
"ನೀರು ಬಿಟ್ಟುಕೊಟ್ರ ರೊಕ್ಕ ಕೊಡ್ತೀರಿ, ಹೌದಿಲ್ಲೋ?
ನಮ್ಮೂರಿಗೆ ಕಾಲುವಿ ಬಂದೈತ್ರಿ, ನೀರು ಬಂದಿಲ್ಲ.
ಮೂವತ್ತೊಂದು ವರ್ಷಾತು,
ಬಿಳಿಜ್ವಾಳ, ಕಡ್ಲಿ, ಅಕ್ಕಡಿಗೆ ಒಂದೀಟು ಕುಸುಬಿ.
ಹೊಲದಾಗ ಕುರಿ ತರುಬಿಸ್ತೀನಿ, ಸರ್ಕಾರಿ ಚೀಲ ಮುಟ್ಟಿಲ್ಲ.
ಕೆಡಿಸಿದವ್ರು ಕೈ ಬಿಟ್ರ ಬಹುಮಾನ.
ಕೆಡಿಸಲಾರದವ್ರಿಗೆ ಏನೈತ್ರಿ ಅದರಾಗ?"

ಯಾರೋ ನಕ್ಕರು. ಸಾಹೇಬರು ಗಡಿಯಾರ ನೋಡಿದರು.
ಚಹಾ ಬಂತು.

ನಾನು ಆಗಿನಿಂದ ಕೂಡುತ್ತಿದ್ದೇನೆ, ಕಳೆಯುತ್ತಿದ್ದೇನೆ.
ಅವಳಿಗೆ ಕೊಟ್ಟರೆ ಕಾಲುವೆಯಲ್ಲಿ
ಒಂದು ಕೊಡ ನೀರೂ ಹೆಚ್ಚು ಉಳಿಯುವುದಿಲ್ಲ,
ಅವಳು ಮೊದಲೇ ಏನನ್ನೂ ತೆಗೆದುಕೊಂಡಿಲ್ಲ.
ಕೊಡದಿದ್ದರೆ
ಮುಂದಿನ ವರ್ಷ ಅವಳೂ ಕಲಿಯುತ್ತಾಳೆ:
ಮೊದಲು ಕೆಡಿಸಬೇಕು,
ಆಮೇಲೆ ಅರ್ಜಿ ಹಾಕಬೇಕು.
ಭತ್ತ ನಿಂತರೆ ನಾಟಿಗೆ ಬರುವ
ದೇವದುರ್ಗದ ಹೆಂಗಸರ ಕೂಲಿ
ಯಾವ ಕಲಮಿಗೆ? ಅದನ್ನೂ ಯಾರೂ ಕೇಳಲಿಲ್ಲ,
ಅವರನ್ನು ಸಭೆಗೆ ಕರೆದಿರಲಿಲ್ಲ.

ಹೋಗುವಾಗ ಅಂಬ್ರಮ್ಮ ಸೆರಗಿನ ಗಂಟು ಬಿಚ್ಚಿ
ಒಂದು ಹಿಡಿ ಎರೆಮಣ್ಣು ಮೇಜಿಗೆ ಸುರಿದಿದ್ದಳು.
ಚೀಟಿಯಿಲ್ಲ, ನಂಬರಿಲ್ಲ,
ಒಳಗೆ ಒಂದು ಕುರಿ ಹಿಕ್ಕೆ.
ಇವತ್ತು ನೀರಲ್ಲಿ ಕದಡಿ ಅಳೆದೆ.
ಎಲ್ಲ ಸರಿಯಿದೆ.
ಸರಿಯಿರುವ ಮಣ್ಣಿಗೆ ನಮ್ಮಲ್ಲಿ ಒಂದೇ ಮುದ್ರೆ:
ಶಿಫಾರಸು ಅಗತ್ಯವಿಲ್ಲ.

ಮುದ್ರೆ ಎತ್ತಿದೆ, ಹಾಗೇ ಇಟ್ಟೆ.
ಸ್ಕೇಲು ಹುಡುಕಿ ತಲೆಬರಹದ ಗೆರೆ ಮುಂದಕ್ಕೆ ಎಳೆದೆ,
ಷರಾ ದಾಟಿಸಿ ಇನ್ನೊಂದು ಕಲಮಿಗೆ.
ಹಾಳೆ ಮುಗಿದಿತ್ತು.
ನೀಲಿ ಗೆರೆ ಅಂಚು ದಾಟಿ
ಮೇಜಿನ ಮೇಲೆ ಹೋಯಿತು,
ಅವಳ ಮಣ್ಣು ಚೆಲ್ಲಿದ್ದಲ್ಲಿಗೆ.